ಮೊದಲು ಊಟ, ಆಮೇಲೆ ಸುದ್ದಿ

ಭೌತಶಾಸ್ತ್ರದ ತರಗತಿಯಲ್ಲಿ ಸಂವೇಗದ, ಅಂದರೆ ಮೊಮೆಂಟಮ್ಮಿನ, ಪಾಠಕ್ಕೆ ನನಗೆ ಕ್ರಿಕೆಟ್ ಚೆಂಡೇ ಬೇಕು. ಚೆಂಡು ಹಿಡಿಯುವವನು ಕೈಯನ್ನು ಹಿಂದಕ್ಕೆ ಎಳೆದುಕೊಳ್ಳುತ್ತಾನೆ. ನಿಲ್ಲಲು ಚೆಂಡಿಗೆ ಹೆಚ್ಚು ಹೊತ್ತು ಸಿಗುತ್ತದೆ, ಕೈಗೆ ಬೀಳುವ ಬಲ ಕಡಿಮೆಯಾಗುತ್ತದೆ. ದಾವಣಗೆರೆಯ ಕಾಲೇಜಿನಲ್ಲಿ ಇದನ್ನೇ ಹೇಳಿ ಹೇಳಿ ನನ್ನ ಬಾಯಿ ಸವೆದಿದೆ. ಆ ದಿನ ಹುಡುಗಿಯೊಬ್ಬಳು ಎದ್ದು, "ಹೆಂಗೆ ಹಿಡಿದ್ರೂ ಚೆಂಡು ನಿಲ್ಲೋದೇ ಐತೆ. ಸಂವೇಗದ ಬದಲಾವಣೆನೂ ಅಷ್ಟೇ ಇರ್ತೈತೆ. ಮತ್ಯಾಕ ಮೇಡಂ ಇಷ್ಟೆಲ್ಲ?" ಎಂದಳು.

"ಬದಲಾವಣೆ ಅಷ್ಟೇ ಇರ್ತೈತಮ್ಮ. ಆದ್ರೆ ಕೈ ಉಳಿತೈತೆ."

ಬಲವನ್ನು ಹೊತ್ತಿನಿಂದ ಗುಣಿಸಿದರೆ ಆವೇಗ. ಆವೇಗ ಅಷ್ಟೇ ಇದ್ದು ಹೊತ್ತು ಹಿಗ್ಗಿದರೆ ಬಲ ಕುಗ್ಗಲೇಬೇಕು ಎಂದು ಬೋರ್ಡಿನ ಮೇಲೆ ಬರೆದೆ. ಅವಳಿಗೆ ಸಮಾಧಾನವಾಗಲಿಲ್ಲ. ನನಗೋ ಸಿಟ್ಟು ಮೂಗಿನ ತುದಿಯಲ್ಲೇ.

ಮಧ್ಯಾಹ್ನ ಸರಸ್ವತಿ ನಗರದ ಮನೆಗೆ ಬಂದರೆ, ಆ ಹೊತ್ತಿನಲ್ಲಿ ಅಂಗಡಿ ಬಿಟ್ಟು ಅಲ್ಲಾಡದ ನನ್ನ ಗಂಡ ಊಟ ಬಡಿಸಿಟ್ಟುಕೊಂಡು ಕಾಯುತ್ತಿದ್ದರು.

"ಅವ್ವಗೆ ಸ್ವಲ್ಪ ಆರಾಮಿಲ್ಲಂತೆ. ಹರಿಹರಕ್ಕೆ ಹೋಗಿ ಬರಾಣ. ಮೊದ್ಲು ಉಣ್ಣು."

ರೊಟ್ಟಿ ಮುರಿಯುತ್ತಿದ್ದ ನನ್ನ ಕೈ ನಿಂತಿತು. ನಮ್ಮ ಕಡೆ ಸಾವಿನ ಸುದ್ದಿಯನ್ನು ಒಮ್ಮೆಲೇ ಹೇಳುವುದಿಲ್ಲ. ಮೊದಲು ಆರಾಮಿಲ್ಲ, ಆಮೇಲೆ ಸೀರಿಯಸ್, ಊರು ಹತ್ತಿರವಾದಾಗ ನಿಜ. ಎಲ್ಲಕ್ಕೂ ಮೊದಲು ಉಣ್ಣಿಸುತ್ತಾರೆ. ಹೆಣ ಎತ್ತುವವರೆಗೆ ಸತ್ತವರ ಮನೆಯಲ್ಲಿ ಒಲೆ ಹಚ್ಚುವುದಿಲ್ಲ. ಇದೆಂಥ ನಾಟಕ, ಇದ್ದದ್ದನ್ನು ಇದ್ದ ಹಾಗೆ ಹೇಳಬಾರದೇ ಎಂದು ಸದಾ ಬೈಯುತ್ತಿದ್ದವಳು ನಾನು.

ನನ್ನ ಅವ್ವ ಹೋಗಿಬಿಟ್ಟಿದ್ದಳು.

ಕೇಳಿಯೇಬಿಡೋಣವೆಂದು ತಲೆ ಎತ್ತಿದೆ. ಅವರು ನೀರು ಬಗ್ಗಿಸುತ್ತಿದ್ದರು. ಚೊಂಬು ಲೋಟಕ್ಕೆ ತಾಗಿ ಟಣಟಣ ಅನ್ನುತ್ತಿತ್ತು. ಹೆತ್ತ ತಾಯಿಯ ಮುಖ ನೆನಪಿಲ್ಲದ ಮನುಷ್ಯ. ನನ್ನ ಅವ್ವನನ್ನೇ ಅವ್ವ ಅನ್ನುತ್ತಿದ್ದರು. ಅವಳು ಹೋದಳೆಂಬ ಮಾತನ್ನು ಬಾಯಿಬಿಟ್ಟು ಹೇಳುವ ಶಕ್ತಿ ಅವರಿಗಿನ್ನೂ ಬಂದಿರಲಿಲ್ಲ. ನನಗೆ ಅಯ್ಯೋ ಅನ್ನಿಸಿತು. ಏನೂ ಕೇಳದೆ ರೊಟ್ಟಿ ಮುರಿದು ಉಂಡೆ.

ದಾರಿಯಲ್ಲಿ ಕಾರು ಬಾತಿ ಊರನ್ನು ದಾಟುವಾಗ, "ಸೀರಿಯಸ್ ಅಂತಾರ" ಎಂದರು.

"ಹೌದೇನ್ರಿ" ಎಂದೆ.

ಹರಿಹರ ಕಾಣುವಾಗ ಕಾರನ್ನು ರಸ್ತೆ ಬದಿಗೆ ನಿಲ್ಲಿಸಿದರು. "ಅವ್ವ..." ಎಂದರು.

ಸ್ಟೇರಿಂಗ್ ಮೇಲಿದ್ದ ಅವರ ಕೈ ಹಿಡಿದೆ. "ಗೊತ್ತೈತ್ರಿ. ಉಣ್ಣು ಅಂದಾಗ್ಲೇ ಗೊತ್ತಾತು."

"ಮತ್ಯಾಕ ಸುಮ್ನಿದ್ದೆ?"

"ನಿಮಗೂ ಒಂದಿಷ್ಟು ಹೊತ್ತು ಬೇಕಿತ್ತಲ್ಲ."

ಅವರು ಅತ್ತರು. ನಾನೂ ಅತ್ತೆ. ಕಾರು ಮತ್ತೆ ಹೊರಡಲು ಬಹಳ ಹೊತ್ತಾಯಿತು.