ಹುಣಸೆಮರದ ಏರು ಮತ್ತು ಹೊಸ ಎಂಜಿನ್

ವಾಹನ ಯಾವುದೇ ಇರಲಿ, ರಸ್ತೆ ಏರತೊಡಗಿತೆಂದರೆ ನನ್ನ ಬಲಗಾಲು ತಾನಾಗಿ ಬಾಗಿಲ ಕಡೆ ಸರಿಯುತ್ತದೆ. ಹೆಂಡತಿ ಗದರುತ್ತಾಳೆ. ಈ ಕಾಲಿಗೆ ತರಬೇತಿ ಸಿಕ್ಕಿದ್ದು ಎಪ್ಪತ್ತರ ದಶಕದಲ್ಲಿ, ಬಸವಾಪಟ್ಟಣದಿಂದ ಚನ್ನಗಿರಿಗೆ ಹೋಗುವ ದಾರಿಯಲ್ಲಿ, ಅಕ್ಕನ ಗಂಡ ರುದ್ರಪ್ಪ ಭಾವನ ಜೀಪಿನಲ್ಲಿ ಎಂದರೆ ಅವಳು ನಂಬುವುದಿಲ್ಲ.

ಅದು ಮಿಲಿಟರಿ ಹರಾಜಿನ ಪೆಟ್ರೋಲ್ ಜೀಪು. ಭಾವ ಅದರ ಹಿಂಭಾಗ ಕೊಯ್ಸಿ, ತೊಟ್ಟಿ ಕೂರಿಸಿ ಪಿಕಪ್ ಮಾಡಿಕೊಂಡಿದ್ದರು. ಮೂಟೆಗೂ ಅದೇ, ಮನುಷ್ಯರಿಗೂ ಅದೇ. ಸಮತಟ್ಟು ರಸ್ತೆಯಲ್ಲಿ ಬಲು ಸಂಭಾವಿತ; ಏರು ಕಂಡರೆ ಮಾತ್ರ ಕೆಮ್ಮು ಶುರು. ಹಾಗಾಗಿ ಏರಿನ ಬುಡದ ಹುಣಸೆಮರ ಬಂದ ಕೂಡಲೇ, ಯಾರೂ ಹೇಳದೆಯೇ, ನಾವೆಲ್ಲ ಕೆಳಗೆ ಹಾರಿ ಹಿಂದಿನಿಂದ ನೂಕುತ್ತಿದ್ದೆವು. ಊರಿನ ಅರ್ಧ ಸಮಾಚಾರ ನನಗೆ ತಿಳಿದದ್ದು ಹಾಗೆ ನೂಕುವಾಗಲೇ. ನಿಜ ಹೇಳಬೇಕೆಂದರೆ ನನಗದು ಇಷ್ಟವಾಗಿತ್ತು.

ಭಾವನ ತಾಯಿ ಗೌರಮ್ಮನವರಿಗೆ ಮಾತ್ರ ತಲೆ ತಗ್ಗಿಸುವ ವಿಷಯ. ಒಂದು ದಿನ ಖಡಾಖಂಡಿತವಾಗಿ ಹೇಳಿಬಿಟ್ಟರು: "ಹತ್ತಿಸ್ಕಂಡ ಜನದ ಕೈಲೇ ನೂಕಿಸ್ತೀಯಲ್ಲೋ! ತುಂಬಿದ ಗಾಡಿ ಏರು ಹತ್ತಿದ್ರೆ ಇಟ್ಕ. ಇಲ್ದಿದ್ರೆ ಮಾರಿ ಎತ್ತು ತಗಂಬಾ."

ಭಾವ ಎರಡು ದಿನ ಸರಿಯಾಗಿ ಉಣ್ಣಲಿಲ್ಲ. ಆಮೇಲೆ ಚನ್ನಗಿರಿಯ ಮೆಕ್ಯಾನಿಕ್ ಖಾದರ್ ಸಾಬರ ಮುಂದೆ ಹೋಗಿ ಕೂತರು. ಸಾಬರು ಡೀಸೆಲ್ ಎಂಜಿನ್ ಕೂರಿಸೋಣ ಎಂದರು.

ಆತ್ಮ ಹಳೆಯ ದೇಹ ಬಿಟ್ಟು ಹೊಸದಕ್ಕೆ ಹೋಗುತ್ತದೆ ಎನ್ನುತ್ತದೆ ವೇದಾಂತ. ಇಲ್ಲಿ ದೇಹ ಅದೇ, ಆತ್ಮ ಬೇರೆ. ಯೋಗಿಗಳು ಗುಹೆಯಲ್ಲಿ ಕೂತು ಮಾಡುತ್ತಿದ್ದರೆಂಬ ಪರಕಾಯ ಪ್ರವೇಶವನ್ನು ಸಾಬರು ಬೇವಿನ ಕೊಂಬೆಗೆ ಸರಪಳಿ ಕಟ್ಟಿ, ಎಂಜಿನ್ ನೇತುಹಾಕಿ ಮಾಡಿಸಿದರು. ಹೊಸ ಆತ್ಮ ಕೊಂಚ ಎತ್ತರವಾಗಿ ಬಾನೆಟ್ ಮುಚ್ಚಲಿಲ್ಲ. ಅದನ್ನು ಬಡಿದು ಉಬ್ಬಿಸಬೇಕಾಯಿತು. ಈಗಿನವರು ಟರ್ಬೊ ಎಂಜಿನ್ ಎತ್ತಿ ಕೂರಿಸುವುದನ್ನು ಮೊಮ್ಮಗ ಮೊಬೈಲಿನಲ್ಲಿ ತೋರಿಸಿದಾಗಲೂ ನನ್ನ ಕಣ್ಣು ಆ ಬಾಗಿದ ಬೇವಿನ ಕೊಂಬೆಯನ್ನೇ ಹುಡುಕುತ್ತದೆ.

ಪರೀಕ್ಷೆಯ ದಿನ ಬಂತು. ಗೌರಮ್ಮನವರು ಏರಿನ ನೆತ್ತಿಯಲ್ಲಿ ಕೊಡೆ ಹಿಡಿದು ನಿಂತಿದ್ದರು. ತೊಟ್ಟಿಯ ತುಂಬ ನಾವು. ಮುಂದೆ ಭಾವ ಮತ್ತು ಸಾಬರು. ಹುಣಸೆಮರ ಬಂತು. ಗೇರು ಬದಲಿಸಲು ಭಾವ ಕೊಂಚ ನಿಧಾನ ಮಾಡಿದರು. ಅಷ್ಟೇ ಸಾಕಾಯಿತು. ನಾವೆಲ್ಲ ದಬದಬ ಕೆಳಗೆ ಹಾರಿ, ಕೈ ಮುಂದೆ ಚಾಚಿ ನಿಂತೆವು. ನೂಕಲು ಅಲ್ಲಿ ಜೀಪೇ ಇರಲಿಲ್ಲ! ಕಪ್ಪು ಹೊಗೆ ಬಿಟ್ಟು ಅದಾಗಲೇ ಅರ್ಧ ಏರು ಹತ್ತಿತ್ತು. ಕೂಗಿದೆವು, ಡೀಸೆಲ್ ಸದ್ದಿನಲ್ಲಿ ಯಾರಿಗೆ ಕೇಳಬೇಕು?

ನಾವು ಏದುಸಿರು ಬಿಡುತ್ತ ಮೇಲೆ ತಲುಪಿದಾಗ ಗೌರಮ್ಮನವರು ಮಗನಿಗೆ ಹೇಳುತ್ತಿದ್ದರು: "ಖಾಲಿ ಗಾಡಿ ನಮ್ಮ ಎಮ್ಮೇನೂ ಎಳೀತೈತೆ. ತುಂಬಿದ್ದು ತೋರ್ಸು."

ಭಾವನ ಮುಖ ಬಾಡಿತ್ತು. "ಏನ್ರೀ ಮೇಷ್ಟ್ರೇ, ಓದಿದೋರು ನೀವಾದ್ರೂ ಕೂರಾಕೆ ಆಗ್ಲಿಲ್ವಾ?" ಎಂದು ಆಗ ಶಾಲಾ ಮೇಷ್ಟ್ರಾಗಿದ್ದ ನನ್ನನ್ನು ಕೇಳಿದರು. ನನಗೆ ಪಾಪ ಅನ್ನಿಸಿತು.

ನಡೆದು ಹತ್ತಿದ ಏರನ್ನು ಕೂತು ಹತ್ತುವುದಕ್ಕಾಗಿ ನಮ್ಮನ್ನೆಲ್ಲ ಮತ್ತೆ ಕೆಳಗೆ ಒಯ್ದರು. ಈ ಸಲ ಸಾಬರು ಹಿಂದೆ ನಮ್ಮ ಜೊತೆಗೇ ನಿಂತು, "ಯಾರಾದ್ರೂ ಇಳಿದ್ರೆ ನನ್ನಾಣೆ ಐತೆ" ಎಂದರು. ಹುಣಸೆಮರ ಬಂದಾಗ ನಾವು ಒಬ್ಬರ ರಟ್ಟೆ ಒಬ್ಬರು ಹಿಡಿದುಕೊಂಡೆವು. ಜೀಪು ಒಂದೇ ದಮ್ಮಿಗೆ ಹತ್ತಿತು. ಗೌರಮ್ಮನವರು ಉಬ್ಬಿದ ಬಾನೆಟ್ಟಿಗೆ ಕುಂಕುಮ ಹಚ್ಚಿ, "ಇರ್ಲಿ ಬಿಡು" ಎಂದರು. ಭಾವ ಆ ಕಡೆ ತಿರುಗಿ ಕಣ್ಣೊರೆಸಿಕೊಂಡರು.

ಆದರೆ ನಮ್ಮ ಕಾಲುಗಳನ್ನು ಭಾವ ಮತ್ತೆಂದೂ ನಂಬಲಿಲ್ಲ. ಅವತ್ತಿನಿಂದ ದಿನಾ ಹುಣಸೆಮರದ ಕೆಳಗೆ ಜೀಪನ್ನು ಪೂರ್ತಿ ನಿಲ್ಲಿಸಿ, ಹಿಂದೆ ತಿರುಗಿ, "ಯಾರೂ ಇಳೀಬ್ಯಾಡ್ರೀ!" ಎಂದು ಕೂಗಿಯೇ ಮುಂದೆ ಹೋಗುತ್ತಿದ್ದರು. ಹೇಗೂ ನಿಂತಿದೆಯಲ್ಲ ಎಂದು ನಾವು ಇಳಿದು, ಒಂದು ಬೀಡಿ ಸೇದಿ, ಊರಿನ ಸಮಾಚಾರ ಮುಗಿಸಿ ಹತ್ತುತ್ತಿದ್ದೆವು.