ಆಟಗಾರರ ಬೆನ್ನಿಗೆ ಹೆಸರು ಹೊಲಿಯುವ ವಾಂಡಾ

ಲೆಸ್ಟರ್ ಡಾಬ್ಸ್ ತನ್ನ ಕೋಟಿನ ಗುಂಡಿಗಳನ್ನು ಬಿಚ್ಚಿದ್ದೇ ಒಂದು ವೈಭವ. ಒಂದೊಂದಾಗಿ, ನಿಧಾನವಾಗಿ, ಮೇಯರು ಯಾವುದೋ ಪ್ರತಿಮೆಯ ಪರದೆ ಸರಿಸುವ ಹಾಗೆ. ರೀಟಾಳ ಹೋಟೆಲಿನಲ್ಲಿ ಮಧ್ಯಾಹ್ನದ ಊಟಕ್ಕೆ ಕೂತಿದ್ದವರೆಲ್ಲ ತಲೆ ಎತ್ತಿದರು. ಕೋಟಿನೊಳಗೆ ಹೊಚ್ಚಹೊಸ ನೀಲಿ ಜೆರ್ಸಿ. ಲೆಸ್ಟರ್ ಗರಕ್ಕನೆ ತಿರುಗಿ ಬೆನ್ನು ತೋರಿಸಿದ. ಬೆನ್ನ ಮೇಲೆ ದಪ್ಪ ಬಿಳಿ ಅಕ್ಷರಗಳಲ್ಲಿ ಬಫಲೋ ಸ್ಟೀಮರ್ಸ್ ಬ್ಯಾಸ್ಕೆಟ್‌ಬಾಲ್ ತಂಡದ ಕಣ್ಮಣಿ, ಆರಡಿ ಹನ್ನೊಂದಂಗುಲದ ಬ್ರಾನಿಗನ್‌ನ ಹೆಸರು.

ಯಾರೂ ಚಪ್ಪಾಳೆ ತಟ್ಟಲಿಲ್ಲ. ಹೋಟೆಲು ಬಿದ್ದು ಬಿದ್ದು ನಗತೊಡಗಿತು.

"ಲೇ ಲೆಸ್ಟರ್, ಮೇಲೆ ನೋಡೋ," ಎಂದ ಒಟಿಸ್, ಕಣ್ಣೊರೆಸಿಕೊಳ್ಳುತ್ತ. ಒಟಿಸ್ ಮೂವತ್ತು ವರ್ಷ ಲೆಕ್ಕದ ಮೇಷ್ಟ್ರಾಗಿ ನಿವೃತ್ತನಾದವನು. ಪರರ ತಪ್ಪು ಕಂಡರೆ ಅವನಿಗೆ ಈಗಲೂ ಕೈ ತುರಿಸುತ್ತದೆ.

ಲೆಸ್ಟರ್ ಮೇಲೆ ನೋಡಿದ. ಟಿವಿಯಲ್ಲಿ ಬ್ರಾನಿಗನ್ ಇದ್ದ. ತಲೆಯ ಮೇಲೆ ಟಕ್ಸನ್ ತಂಡದ ಟೋಪಿ ಇತ್ತು. ಸ್ಟೀಮರ್ಸ್‌ನವರು ಅವನನ್ನು ಅಲ್ಲಿಗೆ ಕೊಟ್ಟು, ಬದಲಿಗೆ ಇನ್ನಿಬ್ಬರನ್ನು ತಂದುಕೊಂಡು ಆಗಲೇ ಒಂದು ಗಂಟೆಯಾಗಿತ್ತು. ಆ ಒಂದು ಗಂಟೆಯನ್ನು ಲೆಸ್ಟರ್ ಕನ್ನಡಿಯ ಮುಂದೆ ಕಳೆದಿದ್ದ.

"ಅಂಗಡೀಗೆ ವಾಪಸ್ ಕೊಟ್ಬಿಡಪ್ಪ," ಎಂದಳು ರೀಟಾ, ಕಾಫಿ ಬಗ್ಗಿಸುತ್ತ.

"ತಗೊಳಲ್ಲ. ಪಕ್ಕದ ಹೊಲಿಗೆ ಬಿಡಿಸಿಬಿಟ್ಟಿದೀನಿ."

"ಯಾಕೆ?"

"ಹೊಟ್ಟೆ," ಎಂದ ಲೆಸ್ಟರ್. ಎರಡನೆಯ ಸಲ ನಗೆಯೆದ್ದಿತು. ಅದರ ನಡುವೆಯೇ ಅವನಿಗೊಂದು ವಿಷಯ ಹೊಳೆಯಿತು. ಹೊಲಿಗೆ ಬಿಡಿಸಿಕೊಟ್ಟವರು ವಾಂಡಾ ಕ್ರುಪಾ, ಅದೂ ನಿನ್ನೆ ಸಂಜೆ. ಈಗ ಅವರು ಮೂಲೆಯ ಮೇಜಿನಲ್ಲಿ ಒಬ್ಬರೇ ಕೂತು ಬಾರ್ಲಿ ಸೂಪು ಕುಡಿಯುತ್ತಿದ್ದರು. ಇಡೀ ಹೋಟೆಲಿನಲ್ಲಿ ನಗದಿದ್ದವರು ಅವರೊಬ್ಬರೇ.

ವಾಂಡಾ ಅವರ ಹೊಲಿಗೆ ಅಂಗಡಿ ಅಲ್ಲಿಂದ ಎರಡು ಬಾಗಿಲಾಚೆ. ವಯಸ್ಸು ಅರವತ್ತೆಂಟು, ಆದರೂ ಬೀದಿಗೆಲ್ಲ ಗೌರವದ 'ಮಿಸ್ ವಾಂಡಾ'. ಗಂಡ ಉಕ್ಕಿನ ಕಾರ್ಖಾನೆಯಲ್ಲಿದ್ದ. ಕಾರ್ಖಾನೆ ಮುಚ್ಚಿತು, ಎರಡು ವರ್ಷಕ್ಕೆ ಗಂಡನೂ ಹೋದ. ಅಂಗಡಿಯ ಫಲಕದಲ್ಲಿ ಪ್ಯಾಂಟಿನ ಅಂಚು, ಜಿಪ್ಪು, ಮದುವೆಯ ಗೌನು ಎಂದಷ್ಟೇ ಇದೆ. ಇಪ್ಪತ್ತೊಂಬತ್ತು ವರ್ಷದಿಂದ ಸ್ಟೀಮರ್ಸ್ ಆಟಗಾರರ ಜೆರ್ಸಿಗೆ ಹೆಸರು ಹೊಲಿಯುವವರು ಅವರೇ ಎಂಬುದು ಮಾತ್ರ ಎಲ್ಲೂ ಬರೆದಿಲ್ಲ, ಆದರೆ ಬೀದಿಗೆಲ್ಲ ಗೊತ್ತು. ತಂಡಕ್ಕೆ ಹೊಸಬನೊಬ್ಬ ಬರುವನೆಂದರೆ ಮರುದಿನ ಅವನು ಕ್ಯಾಮೆರಾಗಳೆದುರು ತನ್ನ ಹೆಸರಿನ ಜೆರ್ಸಿ ಎತ್ತಿ ಹಿಡಿಯಬೇಕಲ್ಲ? ಹಾಗಾಗಿ ತಂಡದ ಬಟ್ಟೆಬರೆಯ ಉಸ್ತುವಾರಿ ಫೀನಿ ಮೊದಲು ಫೋನು ಮಾಡುವುದು ಇವರಿಗೆ. ಪತ್ರಿಕೆಯವರಿಗಿಂತ ಮೊದಲು, ಎಷ್ಟೋ ಸಲ ಆ ಆಟಗಾರನ ಹೆಂಡತಿಗಿಂತಲೂ ಮೊದಲು ಸುದ್ದಿ ವಾಂಡಾ ಅವರ ಹೊಲಿಗೆ ಮಿಷನ್ನಿನ ಕೆಳಗಿರುತ್ತದೆ. ಷರತ್ತು ಒಂದೇ: ಬಾಯಿ ಬಿಟ್ಟ ದಿನ ಕೆಲಸ ಹೋಯಿತು. ಅದು ಹೋದರೆ ಉಳಿಯುವುದು ಪ್ಯಾಂಟಿನ ಅಂಚು. ಊರಿನಲ್ಲಿ ಈಗ ಅಂಚು ಮಡಿಸಿಕೊಳ್ಳುವವರೂ ಕಡಿಮೆ.

ಲೆಸ್ಟರ್ ಅವರ ಮೇಜಿನ ಬಳಿ ಹೋಗಿ ನಿಂತ.

"ಮಿಸ್ ವಾಂಡಾ, ನಿನ್ನೆ ನನ್ನ ಸೊಂಟಕ್ಕೆ ಪಿನ್ ಚುಚ್ತಾ ಇದ್ರಲ್ಲ, ಆಗ್ಲೇ ನಿಮಗೆ ಗೊತ್ತಿತ್ತಾ?"

"ಸಡಿಲ ಮಾಡಿ ಅಂದ್ರಿ, ಮಾಡ್ದೆ," ಎಂದರು ವಾಂಡಾ. "ಬಿಗಿ ಇಲ್ವಲ್ಲ ಈಗ?"

ಬಿಗಿ ಇರಲಿಲ್ಲ. ಲೆಸ್ಟರ್ ಕೋಟಿನ ಗುಂಡಿ ಹಾಕಿಕೊಂಡ.

ಅವನು ಆ ಬೀದಿಯ ಅಂಚೆಯವನು. ಒಂದು ವಾರ ಸಿಟ್ಟಿನಿಂದ ಅವರ ಕಾಗದಗಳನ್ನು ಮಾತಿಲ್ಲದೆ ಕೊಟ್ಟುಹೋದ. ಎಂಟನೆಯ ದಿನ ಟಕ್ಸನ್ನಿನಿಂದ ಅವರಿಗೊಂದು ಕಾರ್ಡು ಬಂತು. ಕಾರ್ಡನ್ನು ಅಂಚೆಯವರು ಓದುವುದಿಲ್ಲ. ಅದು ತಾನಾಗಿಯೇ ಕಣ್ಣಿಗೆ ಬೀಳುತ್ತದೆ. ಬಿದ್ದದ್ದು ಇಷ್ಟು: "ಕೋಟಿನ ಒಳಪದರ ಬಿಚ್ಚಿಟ್ಟೆ. ಇಲ್ಲಿ ಸೆಕೆ. ನಿಮಗೆ ನನ್ನ ನಮಸ್ಕಾರ. ಬ್ರಾನಿಗನ್."

ಲೆಸ್ಟರ್ ತಡೆಯಲಾರದೆ ಕೇಳಿದ. ವಾಂಡಾ ಕಾರ್ಡನ್ನು ಖಾನೆಗೆ ಹಾಕಿ ಮಿಷನ್ ತುಳಿದರು. ಹೇಳಿದವಳು ರೀಟಾ. ಅದಲುಬದಲಿನ ಸುದ್ದಿಗೆ ಎರಡು ದಿನ ಮುಂಚೆ ಬ್ರಾನಿಗನ್ ತನ್ನ ಚಳಿಗಾಲದ ಕೋಟು ತಂದು, "ಒಳಗೆ ದಪ್ಪ ಉಣ್ಣೆ ಹಾಕಿ ಹೊಲೀರಿ ಅಮ್ಮ, ಈ ಊರಲ್ಲಿ ಇನ್ನೂ ಹತ್ತು ವರ್ಷ ಇರ್ಬೇಕು," ಎಂದು ಬೀಗಿದನಂತೆ. ಅವನ ಜಾಗಕ್ಕೆ ಬರುವವರ ಹೆಸರು ಆಗಲೇ ಮೇಜಿನ ಖಾನೆಯಲ್ಲಿತ್ತು. ವಾಂಡಾ ಹೂಂಗುಟ್ಟಿ, ಉಣ್ಣೆಯ ಪದರವನ್ನು ಹೊಲಿಯದೆ ಸುತ್ತಲೂ ಗುಂಡಿ ಇಟ್ಟುಕೊಟ್ಟರು. ಬೇಡವೆಂದರೆ ಬಿಚ್ಚಬಹುದು.

ಲೆಸ್ಟರನ ಸಿಟ್ಟು ಅಲ್ಲಿಗೆ ಇಳಿಯಿತು. ಅದರ ಜಾಗದಲ್ಲಿ ಚರ್ಚಿನೊಳಗೆ ಹೊಕ್ಕಾಗ ಟೋಪಿ ತೆಗೆಯಬೇಕೆನಿಸುವ ಭಾವವೊಂದು ಬಂದು ಕೂತಿತು. ಅವನೋ, ಹೆಂಡತಿಗೆ ತಂದ ಹುಟ್ಟುಹಬ್ಬದ ಉಡುಗೊರೆ ಏನೆಂದು ಗೇಟು ದಾಟುವುದರೊಳಗೆ ತಾನೇ ಹೇಳಿಬಿಡುವ ಗಂಡಸು. ಈ ಹೆಂಗಸು ಬಾಯಿ ಬಿಡದೆ, ಸುಳ್ಳೂ ಆಡದೆ, ಒಬ್ಬನನ್ನು ಸೆಕೆಯಿಂದ ಕಾಪಾಡಿದ್ದರು.

ಅಷ್ಟೊಂದು ಗೌರವವಿದ್ದೂ ಅವನು ಅವರಿಗೆ ಮಾಡಿದ್ದೇನು ಎಂಬುದೇ ಮುಂದಿನ ಕತೆ.

ಫೆಬ್ರವರಿಯಲ್ಲಿ ಆಟಗಾರರ ಅದಲುಬದಲಿನ ಗಡುವು. ಗುರುವಾರ ಮಧ್ಯಾಹ್ನ ಮೂರು ಗಂಟೆ ಹೊಡೆಯಿತೆಂದರೆ ಆಮೇಲೆ ಯಾರನ್ನೂ ಕೊಡುವಂತಿಲ್ಲ, ತರುವಂತಿಲ್ಲ. ಆ ವಾರ ರೀಟಾಳ ಹೋಟೆಲಿನಲ್ಲಿ ಊಟ ಮಾಡುವುದೇ ಕಷ್ಟ.

"ಈ ಉಪ್ಪಿನ ಡಬ್ಬಿ ನಮ್ಮ ಟೀಮಿನ ಟಿಲ್‌ಮನ್ ಅನ್ಕೋ," ಎಂದ ಒಟಿಸ್ ಮಂಗಳವಾರ. "ಇದನ್ನ ಕೊಟ್ಟು ಕೆಚಪ್ ಬಾಟ್ಲಿ ತಗೊಂಡ್ರೆ ನಮಗೇ ಲಾಭ."

"ಮಂಡಿ ನೋವಿರೋ ಕೆಚಪ್ ತಗೊಂಡು ಏನ್ ನೆಕ್ತೀಯಾ?" ಎಂದ ಲೆಸ್ಟರ್. "ಮೆಣಸಿನ ಪುಡೀನೂ ಸೇರ್ಸಿ ಕೇಳು."

"ಮೆಣಸು ಅವ್ರ ಜೀವ ಕಣೋ, ಬಿಡ್ತಾರಾ?"

"ಉಪ್ಪು ಎಲ್ಲಿಗೂ ಹೋಗಲ್ಲ," ಎಂದು ರೀಟಾ ಟಿಲ್‌ಮನ್‌ನನ್ನು ಎತ್ತಿಕೊಂಡಳು. "ಮೂರನೇ ಟೇಬಲ್‌ಗೆ ಬೇಕು."

ವಾದ ಅಲ್ಲಿಗೆ ನಿಂತರೂ ಕಣ್ಣುಗಳು ಮೂಲೆಯ ಮೇಜಿಗೆ ಹೋದವು. ಇದೊಂದು ಹಳೆಯ ಚಾಳಿ. ವಾಂಡಾ ಬಾಯಿ ಬಿಡುವುದಿಲ್ಲ. ಆದ್ದರಿಂದ ಭಕ್ತಮಂಡಳಿ ಅವರ ತಟ್ಟೆಯನ್ನು ಓದುತ್ತದೆ. ಸೂಪು ಅರ್ಧಕ್ಕೆ ಬಿಟ್ಟರೆ ಯಾರೋ ಬರುತ್ತಿದ್ದಾನೆ. ಬ್ರೆಡ್ಡು ಸುತ್ತಿಸಿಕೊಂಡು ಹೋದರೆ ಇಬ್ಬರು. ಒಟಿಸ್ ಇದಕ್ಕೆಂದೇ ನೋಟುಬುಕ್ಕು ಇಟ್ಟಿದ್ದಾನೆ. ಮೇಷ್ಟ್ರು ಬರೆದಿಟ್ಟದ್ದೆಂದ ಮೇಲೆ ಅದನ್ನು ಯಾರೂ ಅನುಮಾನಿಸುವುದಿಲ್ಲ.

ಅಂದು ವಾಂಡಾ ಸೂಪನ್ನು ಮುಟ್ಟಲಿಲ್ಲ. ಬ್ರೆಡ್ಡು ಮುಟ್ಟಲಿಲ್ಲ. ಸೇಬಿನ ಪೈಯನ್ನು ನೋಡಲೂ ಇಲ್ಲ. ಬಂದು, ಕೂತು, ಗಡಿಯಾರ ನೋಡಿ, ಎದ್ದು ಹೋದರು.

"ದೇವ್ರೇ," ಎಂದ ಒಟಿಸ್, ಪುಟ ತಿರುವುತ್ತ. "ಹನ್ನೆರಡು ವರ್ಷದಲ್ಲಿ ಒಂದ್ಸಲಾನೂ ಹೀಗಾಗಿಲ್ಲ. ಊಟ ಮಾಡೋಕೂ ಪುರುಸೊತ್ತಿಲ್ಲ ಅಂದ್ರೆ ಭಾರೀ ಉದ್ದದ ಹೆಸ್ರು ಇರ್ಬೇಕು."

ಲೀಗಿನಲ್ಲಿ ಅತಿ ಉದ್ದದ ಹೆಸರು ಒಂದೇ. ಒಬ್ಬರ ಮುಖ ಒಬ್ಬರು ನೋಡಿಕೊಂಡರು.

"ಆಂಡ್ರಿಯಾಮನಾಂಟೇನ!" ಎಂದ ಲೆಸ್ಟರ್, ಉಸಿರು ಬಿಟ್ಟು.

ಮಡಗಾಸ್ಕರ್ ಮೂಲದ ಆ ಆಟಗಾರ ಸ್ಟೀಮರ್ಸ್‌ಗೆ ಬರುತ್ತಾನೆಂದು ಕನಸಿನಲ್ಲೂ ಯಾರೂ ನೆನೆಸಿರಲಿಲ್ಲ. ಲೆಸ್ಟರ್ ತನ್ನ ಅಂಚೆ ಬಂಡಿಯಲ್ಲಿ ಕೂತ. ರೇಡಿಯೋದಲ್ಲಿ ಕೇಳುಗರ ಕರೆಗಳ ಕಾರ್ಯಕ್ರಮ ಬರುತ್ತಿತ್ತು. ಹತ್ತು ನಿಮಿಷ ತಡೆದುಕೊಂಡ. ಅವನ ಮಟ್ಟಿಗೆ ಅದೊಂದು ದಾಖಲೆ. ಹನ್ನೊಂದನೆಯ ನಿಮಿಷಕ್ಕೆ ಫೋನು ಮಾಡಿ, ಊರಿಗೆಲ್ಲ ಕೇಳುವಂತೆ ಹೆಸರು ಹೇಳಿದ. "ನಿಮಗೆ ಹೇಗೆ ಗೊತ್ತು?" ಎಂದು ಕೇಳಿದಾಗ, ಜಂಬದ ಭರಕ್ಕೆ, "ಜೆರ್ಸಿಗೆ ಹೆಸರು ಹೊಲಿಯೋರ ಕಡೆಯಿಂದ," ಎಂದೂ ಹೇಳಿದ.

ಬುಧವಾರ ಬೆಳಿಗ್ಗೆ ಸುದ್ದಿ ನಿಜವಾಯಿತು. ಊರು ಕುಣಿಯಿತು. ಮಧ್ಯಾಹ್ನ ಫೀನಿ ರೀಟಾಳ ಹೋಟೆಲಿಗೆ ಬಂದ. ಟೋಪಿಯ ಮೇಲಿನ ಹಿಮವನ್ನೂ ಕೊಡವದೆ ನೇರ ಮೂಲೆಯ ಮೇಜಿಗೆ ಹೋದ. ಲೆಸ್ಟರ್ ಹಿಡಿದಿದ್ದ ಚಮಚ ಅರ್ಧ ದಾರಿಯಲ್ಲೇ ನಿಂತಿತು.

"ಮಿಸ್ ವಾಂಡಾ," ಎಂದ ಫೀನಿ, ದನಿ ತಗ್ಗಿಸಿ. "ನಂಗೆ ಇದು ಇಷ್ಟ ಇಲ್ಲ. ಆದ್ರೆ ಮೇಲಿನೋರು ಕೇಳ್ಕೊಂಡ್ ಬಾ ಅಂದಿದಾರೆ. ನೀವು ಯಾರಿಗಾದ್ರೂ ಹೇಳಿದ್ರಾ?"

"ಇಲ್ಲ."

"ಹೊಲಿಯೋರ ಕಡೆಯಿಂದ ಅಂತ ರೇಡಿಯೋದಲ್ಲಿ ಬಂದಿದೆ."

"ಕೇಳ್ದೆ. ಮಿಷನ್ ಪಕ್ಕ ರೇಡಿಯೋ ಇಟ್ಟಿರ್ತೀನಿ."

ರೇಡಿಯೋದಲ್ಲಿ ಬಂದದ್ದು ಲೆಸ್ಟರನ ದನಿ. ಹದಿನಾಲ್ಕು ವರ್ಷ ದಿನಾ ಅವರ ಬಾಗಿಲಲ್ಲಿ "ಗುಡ್ ಮಾರ್ನಿಂಗ್" ಎಂದ ದನಿ ಅದು. ಅವರಿಗೆ ಗುರುತು ಸಿಗದೆ ಇರುವುದುಂಟೆ?

"ಯಾರ ಮೇಲಾದ್ರೂ ಅನುಮಾನ ಇದ್ಯಾ? ಇದ್ರೆ ಹೇಳ್ಬಿಡಿ, ನಾನು ನೋಡ್ಕೋತೀನಿ. ಇಲ್ದಿದ್ರೆ ಇವತ್ತಿಂದ ಜೆರ್ಸಿ ನಿಮ್ಹತ್ರ ಕಳ್ಸೋಕಾಗಲ್ಲ."

"ಅನುಮಾನ ಪಡೋದು ನನ್ನ ಕೆಲ್ಸ ಅಲ್ಲ ಫೀನಿ. ಹೊಲಿಯೋದು."

ಅವರು ಮೂರು ಮೇಜಿನಾಚೆ ಕೂತಿದ್ದ ಲೆಸ್ಟರನತ್ತ ಕಣ್ಣೂ ಹೊರಳಿಸಲಿಲ್ಲ. ಇಪ್ಪತ್ತೊಂಬತ್ತು ವರ್ಷದ ಅನ್ನ ಕೈಜಾರುತ್ತಿರುವಾಗಲೂ ಬ್ರೆಡ್ಡಿಗೆ ಬೆಣ್ಣೆಯನ್ನು ಅಂಚಿನವರೆಗೆ ಸಮನಾಗಿ ಸವರುತ್ತಿದ್ದರು. ಹಾಗೆ ಬೆಣ್ಣೆ ಸವರುವವರೆದುರು ಲೆಸ್ಟರನಿಗೆ ಕೂತಿರಲು ಆಗಲಿಲ್ಲ.

"ನಾನೇ," ಎಂದು ಎದ್ದು ನಿಂತ. "ಫೋನ್ ಮಾಡಿದ್ದು ನಾನು. ಅವ್ರು ಒಂದಕ್ಷರ ಹೇಳಿಲ್ಲ ಸಾರ್. ಅವ್ರು ಊಟ ಮಾಡ್ಲಿಲ್ಲ, ಅದ್ರಿಂದ ಗೊತ್ತಾಯ್ತು."

ಫೀನಿ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದ. "ಊಟ ಮಾಡ್ಲಿಲ್ಲ ಅಂತ ಆಂಡ್ರಿಯಾಮನಾಂಟೇನ ಬರ್ತಾನೆ ಅಂತ ಗೊತ್ತಾಯ್ತಾ?"

"ಉದ್ದದ ಹೆಸ್ರಲ್ವಾ ಸಾರ್."

"ಪುರಾವೆ ಇದೆ," ಎಂದು ಒಟಿಸ್ ನೋಟುಬುಕ್ಕು ಹಿಡಿದು ಮುಂದೆ ಬಂದ. "ನೋಡಿ, ಟಿಲ್‌ಮನ್ ಬಂದಾಗ ಅರ್ಧ ಸೂಪು. ಕಾಲ್ಡರ್ ಅಣ್ಣತಮ್ಮಂದಿರು ಬಂದಾಗ ಬ್ರೆಡ್ಡು ಪಾರ್ಸಲ್. ಇಲ್ಲಿ ಒಂದ್ಸಲ ಪೂರಾ ಪೈ ತಿಂದಿದಾರೆ, ಆದ್ರೂ ಒಬ್ಬ ಬಂದ. ಅವತ್ತು ಪೈ ಸಣ್ಣದಿತ್ತು ಅಂತ ಪಕ್ಕದಲ್ಲೇ ಬರ್ದಿದೀನಿ."

ಫೀನಿ ಕುರ್ಚಿ ಎಳೆದು ಕೂತ. ಪುಟ ತಿರುವಿದ, ಇನ್ನೊಂದು ತಿರುವಿದ. ಹನ್ನೆರಡು ವರ್ಷದ ಬಾರ್ಲಿ ಸೂಪು, ದಿನಾಂಕ ಸಮೇತ. ಇಷ್ಟು ದೊಡ್ಡ ಮೂರ್ಖತನವನ್ನು ಯಾರೂ ಸುಳ್ಳಿಗಾಗಿ ಕಟ್ಟಲಾರರು ಎಂಬುದು ಅವನ ಮುಖದ ಮೇಲೆ ನಿಧಾನವಾಗಿ ಮೂಡಿತು.

"ಮೇಲಿನೋರಿಗೆ ನಾನ್ ಏನಂತ ಹೇಳ್ಲಿ?" ಎಂದ ಕೊನೆಗೆ, ತನ್ನಷ್ಟಕ್ಕೆ. ಆಮೇಲೆ ಎದ್ದು, ಬಾಗಿಲಾಚೆ ನಿಂತಿದ್ದ ಕಾರಿನಿಂದ ಒಂದು ಚೀಲ ತಂದು ವಾಂಡಾ ಅವರ ಪಕ್ಕದ ಕುರ್ಚಿಯ ಮೇಲಿಟ್ಟ. "ಬೆಳಿಗ್ಗೆ ಎಂಟಕ್ಕೆ ಬೇಕು," ಎಂದು ಹೊರಟುಹೋದ.

ಹೋಟೆಲಿಗೆ ಹೋಟೆಲೇ ಚೀಲವನ್ನು ನೋಡಿತು. ಒಟಿಸ್ ಪೆನ್ನಿನ ಮುಚ್ಚಳ ಹಾಕಿದ.

ವಾಂಡಾ ಊಟ ಮುಗಿಸಿ ಎದ್ದಾಗ ಲೆಸ್ಟರ್ ಓಡಿಹೋಗಿ ಬಾಗಿಲು ಹಿಡಿದ. ಹೊರಗೆ ಹಿಮದಲ್ಲಿ ಅವರ ಜೊತೆ ನಾಲ್ಕು ಹೆಜ್ಜೆ ಹಾಕಿದ. ಚೀಲ ಕೊಡಿ, ಹಿಡಿದುಕೊಳ್ಳುತ್ತೇನೆ ಎಂದ, ಅವರು ಕೊಡಲಿಲ್ಲ. ಅವರು ಅಂಗಡಿಯ ಬೀಗಕ್ಕೆ ಕೀಲಿ ಹಾಕುವಾಗ ಕೇಳಿಯೇಬಿಟ್ಟ.

"ಮಿಸ್ ವಾಂಡಾ, ನನ್ನ ದನಿ ನಿಮಗೆ ಗೊತ್ತಿತ್ತು. ಕೆಲ್ಸಾನೇ ಹೋಗ್ತಿತ್ತು. ಫೀನಿ ಅಷ್ಟು ಕೇಳಿದ್ರೂ ನನ್ನ ಹೆಸ್ರು ಯಾಕೆ ಹೇಳ್ಲಿಲ್ಲ?"

ವಾಂಡಾ ಬಾಗಿಲು ತೆಗೆದು, ಬೂಟಿನ ಹಿಮ ಕೊಡವಿದರು.

"ನಿಮ್ಮ ಹೆಸ್ರಿಗೆ ಆರ್ಡರ್ ಬಂದಿರ್ಲಿಲ್ಲ," ಎಂದರು.