ಕಂಟ್ರೋಲ್ ಯಾರ ಕೈಯಲ್ಲಿ

ಆ ದಿನಗಳಲ್ಲಿ ನಮ್ಮ ಮನೆಯ ಕಂಪ್ಯೂಟರು ಉಸಿರಾಡುತ್ತಿತ್ತು. ಇದನ್ನು ಮೊದಲು ಕಂಡುಹಿಡಿದವಳು ನನ್ನ ಹೆಂಡತಿ.

"ಏನ್ರೀ, ನೀವು ಅಂಗಡಿಗೆ ಹೋದ್ಮೇಲೆ ಆ ರೂಮಲ್ಲಿ ಯಾರೋ ಉಸಿರು ಬಿಡ್ತಾರೆ. ಇನ್ಮೇಲೆ ನಾನು ಕಸ ಗುಡಿಸೋಕೂ ಒಳಗೆ ಕಾಲಿಡಲ್ಲ," ಅಂದಳು.

ಆ ರೂಮಿನ ಕಸ ಮದುವೆಯಾದಂದಿನಿಂದಲೂ ನನ್ನ ಪಾಲಿಗೇ ಬಂದಿದ್ದರಿಂದ ಈ ಬೆದರಿಕೆಯಿಂದ ನನಗೇನೂ ನಷ್ಟವಾಗಲಿಲ್ಲ. ಆದರೆ ಅವಳು ಹೇಳಿದ್ದು ನಿಜವಾಗಿತ್ತು. ಸ್ಪೀಕರಿನಿಂದ ಉಸಿರು ಬರುತ್ತಿತ್ತು. ಒಳಗೆಳೆದುಕೊಂಡು, ಏನೋ ಯೋಚಿಸಿದಂತೆ ಒಂದು ಕ್ಷಣ ತಡೆದು, ಸುಯ್ಯೆಂದು ಬಿಡುವ ಉಸಿರು. ಅದು ಮೇಷ್ಟ್ರ ಹಾಸಿಗೆ ಪಕ್ಕದ ಆಕ್ಸಿಜನ್ ಯಂತ್ರದ್ದು. ಅವರ ಮನೆಯ ಮೈಕನ್ನು ಹಗಲೆಲ್ಲ ತೆರೆದೇ ಇಡುವುದೆಂದು ಕಂಪ್ಯೂಟರಿನಲ್ಲಿ ಸೇರುವ ನಮ್ಮ ಗುಂಪಿನಲ್ಲಿ ತೀರ್ಮಾನವಾಗಿತ್ತು. ಹಾಗಾಗಿ ಒಬ್ಬರ ಮುಖ ಒಬ್ಬರು ನೋಡಿ ಎಷ್ಟೋ ವರ್ಷಗಳಾದ ನಮ್ಮೆಲ್ಲರ ಮನೆಗಳೊಳಗೂ ಆ ಯಂತ್ರ ಒಂದೇ ಸಮನೆ ಉಸಿರಾಡಿಕೊಂಡಿತ್ತು.

ಮೇಷ್ಟ್ರು ಎಂದರೆ ಶಾಲೆಯ ಮೇಷ್ಟ್ರಲ್ಲ, ವಿಮಾನ ಕಲಿಸಿದ ಮೇಷ್ಟ್ರು. ಹರೆಯದಲ್ಲಿ ಅವರು ಹೊಲಗಳ ಮೇಲೆ ಔಷಧಿ ಸಿಂಪಡಿಸುವ ಪುಟ್ಟ ವಿಮಾನ ಹಾರಿಸುತ್ತಿದ್ದರು. ಎಷ್ಟು ತಗ್ಗಿನಲ್ಲಿ ಎಂದರೆ, ಒಮ್ಮೆ ಯಾರದೋ ಮನೆಯ ಒಣಹಾಕಿದ ಲಂಗ ಚಕ್ರಕ್ಕೆ ಸುತ್ತಿಕೊಂಡು ಬಂದಿತ್ತಂತೆ. ಅವರ ಹೆಂಡತಿ ಅದನ್ನು ಒಗೆದು, ಇಸ್ತ್ರಿ ಮಾಡಿ, ಗಂಡನ ಕೈಗೆ ಕೊಟ್ಟು, "ಯಾರದ್ದು ಅಂತ ಕೇಳ್ಕೊಂಡು ಕೊಟ್ಟು ಬನ್ನಿ. ನಡ್ಕೊಂಡು ಹೋಗಿ," ಅಂದರಂತೆ. ಆಮೇಲೆ ಅವರು ಊರಾಚೆಯ ಸಣ್ಣ ರನ್‌ವೇ ಒಂದರಲ್ಲಿ ನಮ್ಮಂಥವರಿಗೆ ಪಾಠ ಹೇಳಲು ನಿಂತರು. ಸುರುಳಿ ಸುತ್ತಿದ ನಕ್ಷೆಯಿಂದ ಮೊಣಕಾಲಿನ ಮೇಲೆ ಬಾರಿಸುವುದು ಅವರ ಪಾಠದ ಮುಕ್ಕಾಲು ಭಾಗ. ನನಗೆ ಬಾತುಕೋಳಿ ಎಂದು ಹೆಸರಿಟ್ಟವರೂ ಅವರೇ. "ರೆಕ್ಕೆ ಇದೆ, ಹಾರತ್ತೆ ಅನ್ನೋ ವದಂತಿನೂ ಇದೆ," ಎನ್ನುತ್ತಿದ್ದರು. ಲೈಸೆನ್ಸು ಸಿಕ್ಕ ಮೇಲೆ ನಾನು ಕನ್ನಡಕದ ಅಂಗಡಿ ಇಟ್ಟೆ. ವದಂತಿ ಅಲ್ಲಿಗೆ ನಿಂತಿತು.

ರನ್‌ವೇ ಮುಚ್ಚಿಹೋಯಿತು. ಈಗ ಅಲ್ಲಿ ಗೋದಾಮು, ಸಾಲು ಲಾರಿಗಳು. ನಾವು ಹಳೆಯ ಶಿಷ್ಯರು ಕಂಪ್ಯೂಟರಿನೊಳಗೆ ಮತ್ತೆ ಒಂದಾದೆವು. ಮನೆಯಲ್ಲೇ ಕೂತು, ಮೇಜಿನ ಮೇಲೆ ವಿಮಾನ ತಿರುಗಿಸುವ ಹಿಡಿ, ಅಂದರೆ ಸ್ಟಿಕ್, ಇಟ್ಟುಕೊಂಡು, ಪರದೆಯ ಮೇಲಿನ ವಿಮಾನ ಹಾರಿಸುವುದು. ಮೇಷ್ಟ್ರು ಅಲ್ಲೂ ಬಂದು ಬೈಯುವುದು. ನಮ್ಮಲ್ಲೊಬ್ಬ ಬೇಕರಿಯವನು. ಹಿಂದೆ ಅದೇ ರನ್‌ವೇಯ ಟವರಿನಲ್ಲಿ ಕೂತು ವಿಮಾನಗಳಿಗೆ ದಾರಿ ಹೇಳುತ್ತಿದ್ದವರು ಟವರ್ ಅಕ್ಕ. ಮೇಷ್ಟ್ರ ಶ್ವಾಸಕೋಶದ ಗಡ್ಡೆ ಮೂಳೆಗೂ ಹರಡಿದೆ, ಇನ್ನು ಮನೆಯಲ್ಲೇ ಆರಾಮಾಗಿ ನೋಡಿಕೊಳ್ಳಿ ಎಂದು ಡಾಕ್ಟರು ಕಳಿಸಿಕೊಟ್ಟಾಗ, ಅವರ ಜೊತೆ ಸರದಿಯ ಮೇಲೆ ಮಾತಾಡುತ್ತ ಕೂರುವವರು ನಾವಾದೆವು. ಟವರ್ ಅಕ್ಕ ಪ್ರತಿ ಬೆಳಗ್ಗೆ ಆ ಸತ್ತ ರನ್‌ವೇಯ ಹವಾಮಾನ ಓದಿ ಹೇಳುತ್ತಿದ್ದರು. ಗಾಳಿ ಯಾವ ಕಡೆಯಿಂದ, ಮೋಡ ಎಷ್ಟು ಎತ್ತರದಲ್ಲಿ, ಎಲ್ಲ. ಮೇಷ್ಟ್ರು ನಿಯಮದ ಪ್ರಕಾರ ಅದನ್ನು ಪೂರ್ತಿ ತಿರುಗಿ ಹೇಳಿ ಒಪ್ಪಿಸುತ್ತಿದ್ದರು.

ಒಂದು ಬೆಳಗ್ಗೆ ಹವಾಮಾನ ಒಪ್ಪಿಸಿದ ಮೇಲೆ ಅವರೆಂದರು: "ನನ್ನ ರನ್‌ವೇ ಮೇಲೆ ಒಂದ್ಸಲ ಇಳಿಸ್ಬೇಕು ಕಣ್ರೋ. ನಾನೇ, ನನ್ನ ಕೈಯಿಂದ. ಈ ಕೈ ಇನ್ನೂ ಮಾತು ಕೇಳ್ತಿರೋವಾಗ್ಲೇ."

ಮೇಷ್ಟ್ರು ಯಾವತ್ತೂ ನಮ್ಮಿಂದ ಏನನ್ನೂ ಕೇಳಿದವರಲ್ಲ. ಬೇಕರಿಯವನು ಒಲೆ ಆರಿದ ಹೊತ್ತಿನಲ್ಲೆಲ್ಲ ಕೂತು ಆ ರನ್‌ವೇಯನ್ನು, ವಿಮಾನ ನಿಲ್ಲಿಸುವ ಹ್ಯಾಂಗರಿನ ಸಮೇತ, ಕಂಪ್ಯೂಟರಿನೊಳಗೆ ಕಟ್ಟತೊಡಗಿದ. ಮೇಷ್ಟ್ರು ಮಲಗಿದಲ್ಲಿಂದಲೇ ತಿದ್ದುತ್ತಿದ್ದರು.

"ಹ್ಯಾಂಗರಿನ ಎಡಗಡೆ ಬಾಗಿಲು ಪೂರ್ತಿ ಮುಚ್ಚಲ್ಲ ಕಣೋ, ಒಂದು ಮೊಳ ತೆರೆದೇ ಇರತ್ತೆ. ಗಾಳಿಚೀಲದ ತುದಿ ಹರಿದಿದೆ. ಬಾಗಿಲ ಹೊರಗೆ ಕುರ್ಚಿ ಎರಡಲ್ಲ, ಒಂದೇ."

ಕಟ್ಟಿ ಮುಗಿದ ದಿನ ನಾವೆಲ್ಲ ನಮ್ಮ ನಮ್ಮ ವಿಮಾನಗಳಲ್ಲಿ ಅಲ್ಲಿ ಹೋಗಿ ಇಳಿದೆವು. ಎಲ್ಲವೂ ಇದ್ದ ಹಾಗೇ ಇತ್ತು. ಜೀವವೊಂದು ಇರಲಿಲ್ಲ. ಒಂದು ಹಕ್ಕಿ ಇಲ್ಲ, ಒಂದು ನಾಯಿ ಇಲ್ಲ. ಸೂರ್ಯ ಒಂದೇ ಮಧ್ಯಾಹ್ನದಲ್ಲಿ ನಿಂತುಬಿಟ್ಟಿದ್ದ. ಗಾಳಿಯ ದಿಕ್ಕು ತೋರಿಸುವ ಗಾಳಿಚೀಲ ತುಂಬಿಕೊಂಡು ಪಟಪಟ ಹೊಡೆದುಕೊಳ್ಳುತ್ತಿತ್ತು, ಕೆಳಗಿನ ಹುಲ್ಲು ಮಾತ್ರ ಅಲ್ಲಾಡುತ್ತಿರಲಿಲ್ಲ.

"ಒಳಗೆ ಯಾರನ್ನ ಕೂರಿಸಿದ್ದೀಯ?" ಮೇಷ್ಟ್ರು ಕೇಳಿದರು.

"ಎಲ್ಲಿ ಮೇಷ್ಟ್ರೇ?" ಅಂದ ಬೇಕರಿಯವನು.

"ಹ್ಯಾಂಗರ್ ಒಳಗೆ. ಬಾಗಿಲ ಸಂದಿ ಹಿಂದೆ."

"ಒಳಗಡೆ ನಾನು ಕಟ್ಟೇ ಇಲ್ವಲ್ಲ ಮೇಷ್ಟ್ರೇ. ಸಂದೀಲಿ ಬರೀ ಕಪ್ಪು ಬಣ್ಣ ಬಳಿದಿದೀನಿ ಅಷ್ಟೇ."

ಯಂತ್ರ ಒಂದೆರಡು ಉಸಿರು ಬಿಟ್ಟಿತು. "ಹೌದಾ. ಸರಿ ಬಿಡು," ಅಂದರು ಮೇಷ್ಟ್ರು. ನಾನು ಆ ಸಂದಿಯನ್ನು ದೊಡ್ಡದು ಮಾಡಿ ನೋಡಲು ಹೋಗಲಿಲ್ಲ. ಕನ್ನಡಕ ಮಾರುವವನಾದರೂ ಎಲ್ಲವನ್ನೂ ಸ್ಪಷ್ಟವಾಗಿ ನೋಡಲೇಬೇಕೆಂಬ ಹಟ ನನಗಿಲ್ಲ.

ಇಲ್ಲೊಂದು ವಿಷಯ ಹೇಳಬೇಕು. ಎರಡು ಸೀಟಿನ ವಿಮಾನದಲ್ಲಿ ಇಬ್ಬರ ಸ್ಟಿಕ್ಕೂ ಒಟ್ಟಿಗೇ ಕೆಲಸ ಮಾಡುತ್ತವೆ. ಆದ್ದರಿಂದ ಹಿಡಿತ ಬದಲಾಗುವಾಗ ಮೂರು ಮಾತು ಆಡಲೇಬೇಕು. ಕೊಡುವವನು "ಕಂಟ್ರೋಲ್ ನಿಮ್ಮದು" ಅನ್ನಬೇಕು, ತೆಗೆದುಕೊಳ್ಳುವವನು "ಕಂಟ್ರೋಲ್ ನನ್ನದು" ಅನ್ನಬೇಕು, ಕೊಟ್ಟವನು ಇನ್ನೊಮ್ಮೆ "ನಿಮ್ಮದೇ" ಎಂದು ಕೈ ಬಿಡಬೇಕು. ಇಲ್ಲದಿದ್ದರೆ ಇಬ್ಬರೂ ಇನ್ನೊಬ್ಬ ಹಿಡಿದಿದ್ದಾನೆಂದು ನಂಬಿ ಸುಮ್ಮನೆ ಕೂರುತ್ತಾರೆ. ವಿಮಾನದವರು ಮಾಡುವ ತಪ್ಪೇ ಅದು. ಅದು ಎಲ್ಲಿ ಹೋಗಿ ಮುಗಿಯುತ್ತದೆಂದು ಬಿಡಿಸಿ ಹೇಳಬೇಕಿಲ್ಲ.

ಗೊತ್ತು ಮಾಡಿದ ದಿನ ಊಟದ ಹೊತ್ತು ಕಳೆದ ಮೇಲೆ ಮೇಷ್ಟ್ರು ಹಾಸಿಗೆಯಲ್ಲಿ ಒರಗಿ ಕೂತರು. ಅವರ ಹೆಂಡತಿ ಊಟದ ತಟ್ಟೆಯಿಡುವ ಪುಟ್ಟ ಮಣೆಗೆ ಸ್ಟಿಕ್ಕನ್ನು ಟೇಪು ಸುತ್ತಿ ಕೂರಿಸಿದ್ದರು. ವಿಮಾನದಲ್ಲಿ ಅವರದು ಎಡಗಡೆ ಸೀಟು, ನನ್ನದು ಬಲಗಡೆ. ಉಳಿದವರು ಅವರವರ ಮನೆಗಳಿಂದ ನೋಡುತ್ತಿದ್ದರು. ಮೇಷ್ಟ್ರಿಗೆ ಆಯಾಸವಾಗದಿರಲೆಂದು ನಾನೇ ವಿಮಾನ ಎಬ್ಬಿಸಿ ಮೇಲೆ ತಂದೆ.

"ಕಂಟ್ರೋಲ್ ನಿಮ್ಮದು ಮೇಷ್ಟ್ರೇ."

"ಕಂಟ್ರೋಲ್ ನನ್ನದು."

"ನಿಮ್ಮದೇ."

ಕೈಗಳನ್ನು ತೊಡೆಯಡಿಗೆ ಇಟ್ಟುಕೊಂಡು ಕೂತೆ. ಹೊಸಬರು ಕೈಯಾಡಿಸದಿರಲೆಂದು ಅವರೇ ಕಲಿಸಿದ ಪದ್ಧತಿ ಅದು. ವಿಮಾನ ರನ್‌ವೇಯ ಪಕ್ಕಕ್ಕೇ ಸಾಗಿತು, ತಿರುಗಿತು, ಇನ್ನೊಮ್ಮೆ ತಿರುಗಿತು. ಅಂಥ ತಿರುವು ನಾನು ಕಂಡಿರಲಿಲ್ಲ. ಮಲಗಿದ ಮಗುವಿನ ಮಗ್ಗುಲು ಬದಲಿಸಿದಷ್ಟು ಮೆತ್ತಗೆ. ಇಳಿಯಿತು. ಚಕ್ರ ನೆಲ ಮುಟ್ಟಿದ್ದು ಧೂಳೆದ್ದಾಗಲೇ ತಿಳಿದದ್ದು. ಹಾಗೇ ಉರುಳಿಕೊಂಡು ಹೋಗಿ, ಹ್ಯಾಂಗರಿನ ಎದುರು, ಬಾಗಿಲ ಸಂದಿಗೆ ನೇರವಾಗಿ ಮುಖ ಮಾಡಿ ನಿಂತಿತು.

ಬೇಕರಿಯವನು ಚಪ್ಪಾಳೆ ತಟ್ಟಿದ. "ನೆಲಕ್ಕೇ ಗೊತ್ತಾಗ್ಲಿಲ್ಲ," ಅಂದರು ಟವರ್ ಅಕ್ಕ. ಮೇಷ್ಟ್ರಿಂದ ಮಾತಿಲ್ಲ. ಯಂತ್ರದ ಉಸಿರೊಂದೇ. ಆಮೇಲೆ ಅವರ ಹೆಂಡತಿಯ ಪಿಸುಮಾತು.

"ಮೆಲ್ಲಗೆ ಮಾತಾಡ್ರಪ್ಪ, ಎಚ್ಚರ ಆದೀತು."

"ಯಾರಿಗಮ್ಮಾ?" ಎಂದೆ.

"ಇವರಿಗೇ. ನೋವಿನ ಇಂಜೆಕ್ಷನ್ನು ಕೊಟ್ಟಿತ್ತಲ್ಲ, ಮೊದಲನೇ ತಿರುವು ಬರೋಕೆ ಮುಂಚೆನೇ ನಿದ್ದೆ ಹೋದ್ರು. ಕೈ ಜಾರಿತ್ತು, ನಾನೇ ಎತ್ತಿ ಹೊದಿಕೆ ಒಳಗಿಟ್ಟೆ. ನೀನು ಬಹಳ ಚೆನ್ನಾಗಿ ಇಳಿಸಿದೆ ಕಣಪ್ಪ, ಮಧ್ಯದಲ್ಲಿ ಮಾತಾಡಿಸೋದು ಬೇಡ ಅಂತ ಸುಮ್ನಿದ್ದೆ."

ನನ್ನ ಕೈಗಳು ಇನ್ನೂ ತೊಡೆಯಡಿಯಲ್ಲೇ ಇದ್ದವು. ಜೋಮು ಹಿಡಿದಿತ್ತು.

ಟವರ್ ಅಕ್ಕ ಎಲ್ಲವನ್ನೂ ರೆಕಾರ್ಡ್ ಮಾಡಿದ್ದರು. ತಿರುಗಿಸಿ ನೋಡಿದೆವು. ಯಾರ ಸ್ಟಿಕ್ಕು ಎಷ್ಟು ಅಲುಗಿತೆಂದು ತೋರಿಸುವ ಎರಡು ಚುಕ್ಕೆಗಳು ಪರದೆಯ ಕೆಳಗಿರುತ್ತವೆ. ಎರಡೂ ನಡುಮಧ್ಯದಲ್ಲಿ ಕದಲದೆ ಕೂತಿದ್ದವು. ಪರದೆಯ ವಿಮಾನದೊಳಗೆ ಕಾಣುವ ಸ್ಟಿಕ್ಕಿನ ಚಿತ್ರ, ಆ ಹಿಡಿ, ಮಾತ್ರ ಅಲುಗುತ್ತಿತ್ತು. ಒಂಚೂರು ಎಡಕ್ಕೆ, ಸ್ವಲ್ಪ ತಡೆದು ಮತ್ತೊಂಚೂರು. ಬೆರಳಿರುವವರು ಹಿಡಿದ ಹಾಗೆ.

"ನೆಟ್‌ವರ್ಕ್ ತೊಂದ್ರೆ ಇರ್ಬೇಕು," ಅಂದ ಬೇಕರಿಯವನು.

"ನಿನ್ನ ನೆಟ್‌ವರ್ಕು ಗಾಳಿ ನೋಡ್ಕೊಂಡು ತಿರುಗಿಸತ್ತೇನೋ?" ಅಂದರು ಟವರ್ ಅಕ್ಕ. ಅವನು ಹಿಟ್ಟು ಕಲೆಸಬೇಕೆಂದು ಎದ್ದುಹೋದ. ಆ ಹೊತ್ತಿನಲ್ಲಿ ಅವನು ಹಿಟ್ಟು ಕಲೆಸುವುದಿಲ್ಲ.

ಮೇಷ್ಟ್ರು ಎದ್ದ ಮೇಲೆ ಏನು ಹೇಳುವುದು? ನೀವೇ ಇಳಿಸಿದಿರಿ ಎಂದುಬಿಡೋಣ, ಯಾರ ಗಂಟೂ ಹೋಗುವುದಿಲ್ಲ ಎಂದು ನಾನೇ ಸೂಚಿಸಿದೆ. ಸುಳ್ಳು ಹೇಳುವ ಕೆಲಸವೂ ನನಗೇ ಬಿತ್ತು. ಈ ಕನ್ನಡಕ ನಿಮ್ಮ ಮುಖಕ್ಕೆ ಒಪ್ಪುತ್ತದೆ ಎಂದು ದಿನವಿಡೀ ಹೇಳುವವನಿಗೆ ಇದೇನು ಮಹಾ ಎಂದುಕೊಂಡಿದ್ದೆ.

"ಇಳಿಸಿದ್ನಾ?" ಸಂಜೆ ಎಚ್ಚರವಾದೊಡನೆ ಕೇಳಿದರು.

"ಇಳಿಸಿದ್ರಿ ಮೇಷ್ಟ್ರೇ."

"ಹೇಗಿತ್ತು?"

"ಬೆಣ್ಣೆ."

ಯಂತ್ರ ಎಳೆದುಕೊಂಡಿತು, ಬಿಟ್ಟಿತು. "ಪುಟೀಲಿಲ್ವಾ?"

"ಒಂಚೂರೂ ಇಲ್ಲ."

"ಹಾಗಾದ್ರೆ ನಾನಲ್ಲ."

"ಮೇಷ್ಟ್ರೇ..."

"ನಾನಲ್ಲ ಅಂದ್ನಲ್ಲ. ನಾನು ಇಳಿಸಿದ್ರೆ ಯಾವತ್ತೂ ಒಂದು ಸಲ ಪುಟೀತಿತ್ತು. ನಿಮ್ಮನ್ನ ಬೈಯೋ ಕೆಲಸ ಇತ್ತಲ್ಲ, ಅದಕ್ಕೇ ನಿಮ್ಮೆದುರು ನಾನು ಇಳಿಸ್ತಾ ಇರ್ಲಿಲ್ಲ."

"ನನಗೆ ಗೊತ್ತು," ಹಿಂದಿನಿಂದ ಅವರ ಹೆಂಡತಿ. "ಒಂದ್ಸಲ ಪಕ್ಕದಲ್ಲಿ ಕೂತು ನಾಲಿಗೆ ಕಚ್ಕೊಂಡಿದೀನಿ. ವಾರ ಪೂರ್ತಿ ಗಂಜಿ."

"ಯಾರು ಇಳಿಸಿದ್ದು ಬಾತುಕೋಳಿ?"

ನಿಜ ಹೇಳಿಬಿಟ್ಟೆ. ಹೆದರುತ್ತಾರೆ, ಇಲ್ಲವೇ ನಗುತ್ತಾರೆ ಎಂದುಕೊಂಡಿದ್ದೆ. ಅವರು ಎರಡೂ ಮಾಡಲಿಲ್ಲ.

"ಅವರು ಕಂಟ್ರೋಲ್ ವಾಪಸ್ ಕೊಟ್ರಾ?"

"ಯಾರು ಮೇಷ್ಟ್ರೇ?"

"ಹಿಡಿದಿದ್ದವರು."

"ಇಲ್ಲ," ಎಂದೆ.

"ಹಾಗಾದ್ರೆ ಇನ್ನೂ ಅವರ ಕೈಯಲ್ಲೇ ಇದೆ. ನಾಳೆ ಕೇಳಿ ತಗೋಬೇಕು."

"ಏನ್ರೀ ಇದು ಮಾತು?" ಅಂದರು ಅವರ ಹೆಂಡತಿ.

"ಸುಮ್ನಿರೇ. ಇದು ಡ್ಯೂಟಿ ವಿಷಯ."

ಮರುದಿನ ಅವರ ದನಿ ಇನ್ನೂ ಸಣ್ಣದಾಗಿತ್ತು. ಇಳಿಸುವ ತನಕ ಇಂಜೆಕ್ಷನ್ ಬೇಡ ಎಂದರಂತೆ. ಮನೆಗೆ ಬರುವ ನರ್ಸು ಸೂಜಿ ಹಿಡಿದು ಬಾಗಿಲಲ್ಲೇ ಕಾಯುತ್ತಿದ್ದಳಂತೆ.

"ಒಂದು ಆಟಕ್ಕೋಸ್ಕರ ಇಷ್ಟು ನೋವು ತಿನ್ಬೇಕೇನ್ರೀ?" ಅಂದರು ಅವರ ಹೆಂಡತಿ.

"ನೋವಿದ್ರೆ ಕೈ ನಂದು ಅಂತ ಗೊತ್ತಾಗತ್ತೆ ಕಣೇ."

ವಿಮಾನ ನಾವು ಬಿಟ್ಟಲ್ಲೇ, ಆ ಸಂದಿಗೆ ಮುಖ ಮಾಡಿ ನಿಂತಿತ್ತು. ಒಳಗೆ ಹೋಗಿ ಕೂತೆ. ಚಿತ್ರದ ಹಿಡಿ ಕೊಂಚ ಎಡಕ್ಕೆ ವಾಲಿತ್ತು. ನನ್ನ ಸ್ಟಿಕ್ ಅಲ್ಲಾಡಿಸಿದೆ. ಅದು ಜಗ್ಗಲಿಲ್ಲ.

"ಬೇಕರಿ, ನನ್ನ ಸ್ಟಿಕ್ ಕೆಲಸ ಮಾಡ್ತಿಲ್ಲ ಮಾರಾಯ."

"ಇಬ್ಬರದ್ದೂ ಸರಿಯಾಗೇ ಇದೆ. ಇಲ್ಲಿ ತೋರಿಸ್ತಾ ಇದೆ."

"ಕೈ ತೆಗಿ ಬಾತುಕೋಳಿ," ಅಂದರು ಮೇಷ್ಟ್ರು. ತೆಗೆದೆ. ಆಮೇಲೆ ಅವರು ಮಾತಾಡಿದ್ದು ನಮ್ಮ ಜೊತೆಗಲ್ಲ. ಅಷ್ಟು ಮರ್ಯಾದೆಯ ದನಿಯನ್ನು ಅವರು ನಮ್ಮಲ್ಲಿ ಯಾರಿಗೂ ಯಾವತ್ತೂ ಖರ್ಚು ಮಾಡಿದವರಲ್ಲ.

"ಸರ್, ನಿನ್ನೆ ನೀವು ಇಳಿಸಿದ್ರಂತೆ. ಬಹಳ ಚೆನ್ನಾಗಿತ್ತಂತೆ, ಉಪಕಾರ ಆಯ್ತು. ಇವತ್ತೊಂದು ದಿನ ನಾನೇ ಇಳಿಸ್ತೀನಿ. ಕಂಟ್ರೋಲ್ ನನ್ನದು."

ಯಂತ್ರ ಉಸಿರೆಳೆದುಕೊಂಡು ಹಿಡಿದಿತ್ತು. ಹಿಡಿ ಮೆಲ್ಲಗೆ, ಬಹಳ ಮೆಲ್ಲಗೆ ನಡುವಿಗೆ ಬಂತು. ಬೆರಳುಗಳನ್ನು ಒಂದೊಂದಾಗಿ ಬಿಡಿಸಿಕೊಂಡ ಹಾಗಿತ್ತು.

"ಬಿಟ್ರು," ಅಂದರು ಮೇಷ್ಟ್ರು. "ನೀನು ಮೇಲೆ ತಗೊಂಡು ಹೋಗು ಬಾತುಕೋಳಿ. ಎಬ್ಬಿಸೋದು ಯಾರು ಬೇಕಾದ್ರೂ ಮಾಡ್ತಾರೆ."

ಮೇಲೆ ಮೂರೂ ಮಾತು ಆಡಿ ಕೊಟ್ಟೆ. ಈ ಸಲ ಪರದೆಯ ಕೆಳಗಿನ ಅವರ ಚುಕ್ಕೆ ನಡುಗುತ್ತಿತ್ತು. ತಿರುವು ತಡವಾಯಿತು. ಎತ್ತರ ಬೇಗ ಕರಗಿತು. ಅವರ ಉಸಿರಿಗೂ ಯಂತ್ರದ ಉಸಿರಿಗೂ ತಾಳ ತಪ್ಪಿ ಎರಡೂ ಬೇರೆ ಬೇರೆ ಕೇಳುತ್ತಿದ್ದವು. ವಿಮಾನ ಎಡಕ್ಕೆ, ಹ್ಯಾಂಗರಿನ ಕಡೆಗೇ ಜಾರುತ್ತಿತ್ತು. ನನ್ನ ಬಲಗೈ ತೊಡೆಯಡಿಯಿಂದ ತಾನಾಗಿ ಹೊರಬಂತು. ನೇರ ಮಾಡುವುದು ಒಂದು ಬೆರಳಿನ ಕೆಲಸ, ಮೇಷ್ಟ್ರಿಗೆ ತಿಳಿಯುತ್ತಿರಲಿಲ್ಲ.

"ಎಡಕ್ಕೆ ಬರ್ತಿದೀರಿ," ಅಂದರು ಟವರ್ ಅಕ್ಕ, ಹಿಂದಿನ ಕಾಲದ ದನಿಯಲ್ಲಿ.

"ಗೊತ್ತು," ಅಂದರು ಮೇಷ್ಟ್ರು. ಹಲ್ಲು ಕಚ್ಚಿ ಆಡಿದ ಮಾತು. "ಯಾರೂ ಮುಟ್ಬೇಡಿ."

ಅದು ನನಗೆ ಮಾತ್ರ ಹೇಳಿದ್ದಲ್ಲವೆಂದು ನನಗೆ ತಿಳಿಯಿತು. ಕೈಯನ್ನು ಮತ್ತೆ ತೊಡೆಯಡಿಗಿಟ್ಟು ಅದರ ಮೇಲೆ ಪೂರ್ತಿ ಭಾರ ಹಾಕಿ ಕೂತೆ. ನನ್ನ ತೂಕ ಜೀವನದಲ್ಲಿ ಉಪಯೋಗಕ್ಕೆ ಬಂದದ್ದು ಅದೊಂದೇ ಸಲ. ವಿಮಾನ ನೆಲಕ್ಕೆ ಬಡಿಯಿತು. ಪುಟಿಯಿತು. ಮತ್ತೆ ಬಡಿದು ಮತ್ತೆ ಪುಟಿಯಿತು. ಅಂಚು ದಾಟಿ ಹುಲ್ಲಿಗೆ ಹಾರಿ, ಗಾಳಿಚೀಲದ ಕಂಬಕ್ಕೆ ರೆಕ್ಕೆ ಇನ್ನೇನು ತಾಗಬೇಕು ಎನ್ನುವಷ್ಟರಲ್ಲಿ ಸೊಟ್ಟಗೆ ನಿಂತಿತು.

"ಪುಟೀತಾ?"

"ಎರಡು ಸಲ ಮೇಷ್ಟ್ರೇ. ಮೂರೂ ಇರ್ಬಹುದು."

"ಹೂಂ," ಅಂದರು. "ನಂದೇ."

"ಆಯ್ತಲ್ಲ," ಅವರ ಹೆಂಡತಿ ಮೂಗೊರೆಸಿಕೊಂಡರು. "ಈಗ ನಿಮ್ಮ ಕೈ ಸ್ಟಿಕ್ಕಿಂದ ತೆಗೀಲಾ? ಆ ಹುಡುಗಿ ಸೂಜಿ ಹಿಡ್ಕೊಂಡು ಆಗ್ಲಿಂದ ನಿಂತಿದಾಳೆ."

"ತಡಿಯೇ, ಎಂಜಿನ್ ಆಫ್ ಮಾಡ್ಬೇಕು."

ಬಹಳ ಹೊತ್ತು ಹಿಡಿಯಿತು. ನಾವ್ಯಾರೂ ಸಹಾಯ ಮಾಡಲಿಲ್ಲ. ಕೊನೆಗೆ ಮೂತಿಯ ಪಂಖ ತಡವರಿಸುತ್ತ ನಿಂತಿತು. ಸೂಜಿ ಚುಚ್ಚಿಸಿಕೊಳ್ಳುತ್ತ ಅವರು ಬೇಕರಿಯವನನ್ನು ಬೈಯತೊಡಗಿದ್ದರು.

"ಏನೋ ಅದು, ರನ್‌ವೇ ಅಗಲ ಕಡಿಮೆ ಮಾಡಿದೀಯಲ್ಲೋ. ನಂದು ಅಷ್ಟು ಸಪೂರ ಇರ್ಲಿಲ್ಲ."

"ತಪ್ಪಾಯ್ತು ಮೇಷ್ಟ್ರೇ," ಅಂದ ಬೇಕರಿಯವನು. ಅಳತೆ ಸರಿಯಾಗೇ ಇತ್ತೆಂದು ನಮಗೆಲ್ಲ ಗೊತ್ತಿತ್ತು. "ಇವತ್ತೇ ಅಗಲ ಮಾಡ್ತೀನಿ."

"ಮಾಡು." ನಿದ್ದೆ ಆಗಲೇ ಮಾತಿನೊಳಗೆ ಇಳಿಯುತ್ತಿತ್ತು. "ಅವರು ಹ್ಯಾಂಗರಿಂದ ಹೊರಗೆ ಬಂದು ನಿಂತಿದಾರೆ. ನಾವಿಬ್ರೂ ನಡೆಯೋಕೆ ಜಾಗ ಬೇಕು."